ನಮ್ಮ ಮನೆತನದ ಕಣ್ಣು

ನೀವು ನಂಬುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ನಂಬದೆ ಇರಿ, ನೋಡೋಣ. ಜೇವರ್ಗಿಯಲ್ಲಿ ನಮ್ಮಕ್ಕ ಮನೆ ಮುಂದಿನ ಕಟ್ಟೆಯ ಮೇಲೆ ಕೂತಳೆಂದರೆ, ವಿಜಯಪುರದ ಕಡೆಯಿಂದ ಬರುವ ಬಸ್ಸು ಇನ್ನೂ ತೊಗರಿ ಕಾಳಿನಷ್ಟು ಇರುವಾಗಲೇ ಅದರ ಬೋರ್ಡ್ ಓದಿ ಹೇಳುತ್ತಿದ್ದಳು. ಬೋರ್ಡ್ ಏನು ಮಹಾ, ಡ್ರೈವರ್ ಆ ದಿನ ಗಡ್ಡ ಮಾಡಿಕೊಂಡಿದ್ದಾನೋ ಇಲ್ಲವೋ ಅದನ್ನೂ ಹೇಳುತ್ತಿದ್ದಳು. ಓಣಿಯವರು ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಗೆ ಹೋಗುವುದನ್ನು ಬಿಟ್ಟು ನಮ್ಮಕ್ಕನ ಕಟ್ಟೆಗೆ ಬರುತ್ತಿದ್ದರು. ಮೂವತ್ತು ವರ್ಷ ಕಂಡಕ್ಟರಾಗಿ ಈ ಸೀಮೆಯ ತಗ್ಗು ದಿನ್ನೆಗಳನ್ನೆಲ್ಲ ನಿಂತೇ ಅಳೆದವನು ನಾನು. ಅಫಜಲಪುರದಿಂದ ಅಕ್ಕನ ಮನೆಗೆ ಬಂದಾಗ ಬಸ್ಸಿನ ವಿಷಯ ನನ್ನನ್ನು ಒಬ್ಬ ನರಪಿಳ್ಳೆಯೂ ಕೇಳುತ್ತಿರಲಿಲ್ಲ. ಇದಕ್ಕಿಂತ ಅವಮಾನ ಬೇಕೆ?

ದೂರದ್ದು ಹೀಗಾಯಿತು. ಹತ್ತಿರದ್ದನ್ನು ಮಾತ್ರ ಕೇಳಬೇಡಿ. ಮದುವೆಯ ಪತ್ರಿಕೆ ಬಂದರೆ ಅಕ್ಕ ಅದನ್ನು ಪಡಸಾಲೆಯ ಮೊಳೆಗೆ ಸಿಕ್ಕಿಸಿ, ತಾನು ಅಂಗಳದ ಆ ತುದಿಗೆ ಹೋಗಿ ನಿಂತು ಓದುತ್ತಿದ್ದಳು. ಅಕ್ಕಿ ಆರಿಸುವುದು ಬರೀ ಬೆರಳಿನ ಅಂದಾಜಿನಲ್ಲಿ. ಹಾಗೆ ಆರಿಸಿದ ಅಕ್ಕಿಯ ಅನ್ನ ಉಂಡು ಉಂಡು ನಮ್ಮ ಮಾವ, ಅಂದರೆ ಅವಳ ಗಂಡ, ಐವತ್ತಕ್ಕೇ ಹಲ್ಲು ಕಟ್ಟಿಸಿಕೊಂಡರು. ಒಮ್ಮೆ ನಾನೇ ಧೈರ್ಯ ಮಾಡಿ ಕೇಳಿದ್ದೆ.

“ಅಕ್ಕಾ, ಒಂದು ಚಸ್ಮಾ ತಗೋಬಾರದೇನ ನೀ?”

“ಚಸ್ಮಾ ಹಾಕ್ಕೊಳ್ಳಾಕ ನಾ ಏನ್ ನಿನ್ನ ಹೆಂಡ್ತಿ ತವರಮನಿಯಾಕಿ ಏನಲೇ?”

ಅಲ್ಲಿಗೆ ಮಾತು ಮುಗಿಯಿತು. ನನ್ನ ಹೆಂಡತಿ ಪಕ್ಕದಲ್ಲೇ ಇದ್ದುದರಿಂದ ನನ್ನ ಊಟವೂ ಮುಗಿಯಿತು.

ಆಳಂದದ ನಮ್ಮ ಅವ್ವನ ಕಡೆಯವರೆಲ್ಲ ಇದೇ ಕಣ್ಣಿನವರು. ಅವ್ವ ಹೀಗೆ, ಅವ್ವನ ತಮ್ಮ ಹೀಗೆ. ಅಕ್ಕ ಅದಕ್ಕೆ “ಮನೆತನದ ಕಣ್ಣು” ಎಂದು ಹೆಸರಿಟ್ಟಿದ್ದಳು. ಬೇರೆಯವರ ಮನೆಯಲ್ಲಿ ಬಂಗಾರ ಇರುತ್ತದೆ, ಭೂಮಿ ಇರುತ್ತದೆ, ನಮ್ಮಲ್ಲಿ ಕಣ್ಣಿದೆ ಎಂದು ಅವಳ ಲೆಕ್ಕ. ಈ ಆಸ್ತಿ ಹೊರಗಿನವರ ಪಾಲಾಗಬಾರದೆಂದು ತನ್ನ ಮಗನಿಗೆ ನನ್ನ ಮಗಳನ್ನೇ ತಂದುಕೊಂಡಳು. ತಮ್ಮನ ಮಗಳನ್ನು ಅಕ್ಕನ ಮಗನಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಎತ್ತಿ ಆಡಿಸಿದ ಸೋದರ ಸೊಸೆಗೂ ಪರೀಕ್ಷೆ ಇಟ್ಟವಳು ನಮ್ಮಕ್ಕ ಒಬ್ಬಳೇ ಇರಬೇಕು. ಹೆಣ್ಣು ನೋಡುವ ದಿನ ನನ್ನ ಮಗಳನ್ನು ಜೇವರ್ಗಿಗೇ ಕರೆಸಿಕೊಂಡು ಮಾಳಿಗೆ ಹತ್ತಿಸಿದಳು.

“ಆ ದಂಡಿ ಹೊಲದಾಗ ಎತ್ತು ಎಷ್ಟವ, ಹೇಳಬೇ.”

“ಎರಡು ಅವ ಅತ್ತಿ. ಒಂದು ಕೆಂದು, ಒಂದು ಬಿಳಿದು.”

“ಪಾಸ್.”

ನನ್ನ ಮಗಳು ನನ್ನ ಮಗಳೇ ಅಲ್ಲವೆ? ಸೆರಗಿನಿಂದ ಒಂದು ಕಡ್ಡಿಪೆಟ್ಟಿಗೆ ತೆಗೆದು ಅತ್ತೆಯ ಕೈಗಿಟ್ಟು, “ಇದರ ಮ್ಯಾಲ ಏನ್ ಬರದದ, ನೀವು ಹೇಳ್ರಿ ಅತ್ತಿ” ಎಂದಳು. ಅಕ್ಕ ಕೈ ಉದ್ದ ಚಾಚಿದಳು, ಕುತ್ತಿಗೆ ಹಿಂದಕ್ಕೆಳೆದಳು, ಒಂದು ಕಣ್ಣು ಮುಚ್ಚಿದಳು. ಆಮೇಲೆ ಗಂಭೀರವಾಗಿ, “ಕಡ್ಡಿಪೆಟಗಿ ಅಂತ ಬರದದ” ಎಂದಳು. ಪೆಟ್ಟಿಗೆ ತಲೆಕೆಳಗಾಗಿತ್ತು. ಮದುವೆ ಗಟ್ಟಿಯಾಯಿತು. ಮಗಳು ಆ ಎತ್ತುಗಳನ್ನು ಬರುವ ದಾರಿಯಲ್ಲೇ ಎಣಿಸಿಕೊಂಡು ಬಂದಿದ್ದಳೆಂದು ನನಗೆ ಗೊತ್ತಾಗಿದ್ದು ಅಕ್ಕಿಕಾಳು ಬಿದ್ದು ಮದುವೆ ಮುಗಿದ ಮೇಲೆ.

ಹೀಗೇ ವರ್ಷಗಳು ಹೋದವು. ಎರಡು ವರ್ಷದ ಹಿಂದೆ ಅಕ್ಕನ ಕಣ್ಣಿಗೆ ಬಡ್ತಿ ಸಿಕ್ಕಿತು. ಸಂಜೆ ದೀಪ ಹಾಕಿದಾಗ ಅವಳಿಗೆ ಬಲ್ಬಿನ ಸುತ್ತ ಬಣ್ಣದ ಬಳೆ ಕಾಣತೊಡಗಿತು.

“ನಿಮಗ ಬರೇ ಬಲ್ಬು ಕಾಣ್ತದ. ನನಗ ಅದರ ಸುತ್ತ ಕಾಮನಬಿಲ್ಲು ಕಾಣ್ತದ” ಎಂದು ಓಣಿಗೆಲ್ಲ ಸಾರಿದಳು. ಓಣಿಯ ಹೆಂಗಸರು ಬಿಡುತ್ತಾರೆಯೆ? ಒಬ್ಬಾಕೆ ಕಾಯಿ ತಂದಳು. ಇನ್ನೊಬ್ಬಾಕೆ ಮಗನನ್ನು ಬಲ್ಬಿನ ಕೆಳಗೆ ನಿಲ್ಲಿಸಿ, ಬಳೆ ಇವನ ತಲೆಯ ಸುತ್ತಲೂ ಬಂತೇನು, ಈ ಸಲವಾದರೂ ಪಾಸಾಗುತ್ತಾನೇನು ಎಂದು ಕೇಳಿದಳು. ಬಳೆಯ ಹಿಂದೆಯೇ ಹುಬ್ಬಿನ ಮೇಲೆ ನೋವು ಬರುತ್ತಿತ್ತು. ಅಕ್ಕ ಹಣೆಗೆ ಬಟ್ಟೆ ಬಿಗಿದುಕೊಂಡು, “ಇಂಥ ಕಣ್ಣು ಹೊರೋದು ಸಣ್ಣ ಮಾತಲ್ಲ” ಎಂದು ಅದಕ್ಕೂ ಬೀಗುತ್ತಿದ್ದಳು.

ನನಗೆ ಹೊಟ್ಟೆಕಿಚ್ಚು. ಇರಲಿ, ಒಪ್ಪಿಕೊಳ್ಳುತ್ತೇನೆ. ನೆಲೋಗಿಯಿಂದ ಜೇವರ್ಗಿಗೆ ಬರುವ ಬಸ್ಸಿನ ಡ್ರೈವರ್ ನನ್ನ ಹಳೆಯ ದೋಸ್ತ. ಅವನಿಗೆ ಚಹಾ ಕುಡಿಸಿ, ಊರು ಸೇರುವ ಕೊನೆಯ ಅರ್ಧ ಮೈಲಿಗೆ ಮಾತ್ರ “ಆಳಂದ” ಎಂಬ ಬೋರ್ಡ್ ಇಡಲು ಒಪ್ಪಿಸಿದೆ. ಆ ದಾರಿಯಲ್ಲಿ ಆಳಂದದ ಬಸ್ಸು ಹುಟ್ಟಿದಾಗಿನಿಂದ ಯಾರೂ ಕಂಡಿಲ್ಲ. ಕಟ್ಟೆಯ ಮುಂದೆ ಏಳೆಂಟು ಜನರನ್ನೂ ಸೇರಿಸಿದೆ. ದೂರದಲ್ಲಿ ಧೂಳು ಎದ್ದಿತು.

“ಯಾವ ಬಸ್ ಅಕ್ಕಾ ಅದು?”

“ನೆಲೋಗಿದು. ಬೋರ್ಡ್ ಕಾಣ್ವಲ್ದೇನ ನಿನಗ?”

ಬಸ್ಸು ಕಟ್ಟೆಯ ಮುಂದೆಯೇ ಹಾದುಹೋಯಿತು. ಒಂದೊಂದು ಅಕ್ಷರ ಒಂದೊಂದು ಕುಂಬಳಕಾಯಿಯಷ್ಟಿತ್ತು: ಆಳಂದ. ಜನ ಬಿದ್ದು ಬಿದ್ದು ನಕ್ಕರು. ಅಕ್ಕ ಒಂದಿಷ್ಟೂ ಅಳುಕದೆ, “ಬೋರ್ಡ್ ತಪ್ಪದ. ಬಸ್ ನೆಲೋಗಿದೇ. ಇಳಿದವರನ್ನ ಕೇಳ್ರಿ” ಎಂದಳು. ಸ್ಟ್ಯಾಂಡಿನಲ್ಲಿ ಇಳಿದು ಈ ಕಡೆ ನಡೆದು ಬಂದವರು ನೆಲೋಗಿಯವರೇ. ನಕ್ಕವರೆಲ್ಲ ನನ್ನ ಕಡೆ ತಿರುಗಿ ನಕ್ಕರು.

ನಾನೂ ನಕ್ಕೆ. ಆದರೆ ಬಸ್ಸು ಹಾದುಹೋಗುವಾಗ ನಾನು ನೋಡುತ್ತಿದ್ದದ್ದು ಬೋರ್ಡನ್ನಲ್ಲ, ಅಕ್ಕನನ್ನು. ಅವಳು ಬಸ್ಸಿನ ಕಡೆ ಕಣ್ಣನ್ನಲ್ಲ, ಕಿವಿಯನ್ನು ತಿರುಗಿಸಿದ್ದಳು. ಎಂಜಿನ್ನಿನ ಸದ್ದು, ಬರುವ ಹೊತ್ತು, ಇಷ್ಟರ ಮೇಲೆಯೇ ಆಕೆ ಎಷ್ಟು ದಿನದಿಂದ ಓದುತ್ತಿದ್ದಳೋ ಏನೋ.

ಮಗಳಿಗೆ ಹೇಳಿದೆ. ದವಾಖಾನೆಗೆ ಹೋಗೋಣ ಎಂದು ಇಬ್ಬರೂ ಬೆನ್ನುಹತ್ತಿದೆವು. ಅಕ್ಕ ನಮ್ಮಿಬ್ಬರನ್ನೂ ಬೈದು ಕಳಿಸಿದಳು. ಮೂರು ವಾರವಾಗಿರಬೇಕು, ಒಂದು ಮಧ್ಯಾಹ್ನ ಮಗಳ ಫೋನ್ ಬಂತು.

“ಅಪ್ಪಾ, ಜಲ್ದಿ ಬಾ. ಅತ್ತಿ ಕಣ್ಣು ಕೆಂಪ ಕೆಂಡ ಆಗ್ಯಾದ. ವಾಂತಿ ನಿಂದರವಲ್ದು. ಪಿತ್ತ ಅಂತ ಹೇಳ್ತಾಳ, ಗೋಡಿ ಹಿಡಕೊಂಡು ನಡ್ಯಾಕತ್ತಾಳ.”

ಕಲಬುರಗಿಯ ಕಣ್ಣಿನ ದವಾಖಾನೆ. ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವರು. ಕಣ್ಣಿಗೆ ಹನಿ ಹಾಕಿ, ಗುಳಿಗೆ ಕೊಟ್ಟು, ಒತ್ತಡ ಇಳಿಸಿದ ಮೇಲೆ ಅಕ್ಕನ ಮುಂದೆ ಸ್ಟೂಲು ಎಳೆದುಕೊಂಡು ಕೂತು ವಿವರಿಸಿದರು.

“ಅಮ್ಮಾ, ಕಣ್ಣಾಗ ನೀರು ಹುಟ್ಟತದ, ಒಂದು ಮೂಲ್ಯಾಗಿಂದ ಹೊರಗ ಹೋಗ್ತದ. ನಿಮ್ಮ ಕಣ್ಣು ಹುಟ್ಟಾ ಗಿಡ್ಡ, ಮೂಲಿ ಇಕ್ಕಟ್ಟು. ವಯಸ್ಸಾದಂಗ ಆ ದಾರಿ ಮುಚ್ಚಿ ಒಳಗ ಒತ್ತಡ ಏರ್ಯಾದ. ಇದಕ್ಕ ಗ್ಲಾಕೋಮಾ ಅಂತೀವಿ. ಆ ಬಣ್ಣದ ಬಳಿ, ತಲಿನೋವು, ಎಲ್ಲಾ ಅದರದೇ. ಇಂಥ ಗಿಡ್ಡ ಕಣ್ಣಿನವರಿಗೆ ಹರೇದಾಗ ದೂರದ್ದು ಚಲೋ ಕಾಣ್ತದ, ಹತ್ತಿರದ್ದೇ ಕಾಣಂಗಿಲ್ಲ.”

ತಲೆತಲಾಂತರದ ನಮ್ಮ ಘನತೆಯನ್ನು ಆ ಹುಡುಗಿ ಎರಡು ನಿಮಿಷದಲ್ಲಿ ಕಟ್ಟಿಕೊಂಡ ಬಚ್ಚಲ ಮೋರಿ ಮಾಡಿಬಿಟ್ಟಳು.

“ನಿಮ್ಮ ಮನ್ಯಾಗ ಯಾರಿಗರೆ ಹಿಂಗ ಕಣ್ಣು ಹೋಗಿತ್ತೇನ್ರಿ?”

“ಯಾರಿಗೂ ಇಲ್ರಿ” ಎಂದಳು ಅಕ್ಕ.

“ಅಕ್ಕಾ, ಅವ್ವ?” ಎಂದೆ ನಾನು.

“ಅವ್ವಗ ಏನಾಗಿತ್ತಲೇ? ಸೊಸೆಯಂದ್ರ ಮಾರಿ ನೋಡೋದು ಬ್ಯಾಡಾಗಿ ಕಣ್ಣು ಮುಚ್ಕೊಂಡಿದ್ದಳು.”

ಡಾಕ್ಟರಮ್ಮನ ಪೆನ್ನು ನಿಂತಿತು. ನಾನು ಇದ್ದದ್ದು ಹೇಳಿದೆ. ಅವ್ವನಿಗೂ ಹೀಗೇ ತಲೆನೋವು ಬರುತ್ತಿತ್ತು. ಕೊನೆಯ ಹತ್ತು ವರ್ಷ ಆಕೆಗೆ ಹಗಲೂ ಒಂದೇ, ಕತ್ತಲೂ ಒಂದೇ.

“ಇದು ರಕ್ತಸಂಬಂಧದಾಗ ಬರ್ತದ್ರಿ” ಎಂದರು ಡಾಕ್ಟರಮ್ಮ. “ಇದೊಂದೇ ಕಾರಣ ಅಂತ ಬಟ್ಟು ಇಟ್ಟು ಹೇಳಾಕಾಗಂಗಿಲ್ಲ, ಸಣ್ಣ ಸಣ್ಣ ಕಾರಣ ಹತ್ತಾರು ಕೂಡಿ ಬರ್ತಾವ. ಎಲ್ಲಾ ಮಕ್ಕಳಿಗೂ ಬರಬೇಕಂತನೂ ಇಲ್ಲ. ಆದ್ರ ಒಡಹುಟ್ಟಿದವರು, ಮಕ್ಕಳು, ಎಲ್ಲಾರೂ ಒಮ್ಮೆ ತೋರಿಸ್ಕೋಬೇಕು. ನಿಮ್ಮ ಎಡಗಣ್ಣಿಗೆ ಪೆಟ್ಟಾಗ್ಯಾದ. ಬಲಗಣ್ಣು ಇನ್ನಾ ಚಲೋ ಅದ. ಅದನ್ನ ಉಳಿಸ್ಕೋಬೇಕಂದ್ರ ನಾಳೆ ಲೇಸರ್‌ಲಿಂದ ಎರಡೂ ಕಣ್ಣಿಗೆ ಒಂದೊಂದು ಸಣ್ಣ ಕಿಂಡಿ ಮಾಡಬೇಕು. ಇಲ್ಲಂದ್ರ ಅದೂ ಹೋಗ್ತದ.”

ಅಕ್ಕ ಡಾಕ್ಟರಮ್ಮನನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಮಗಳ ಕಡೆ ನೋಡುತ್ತಿದ್ದಳು. ಯಾವ ಕಣ್ಣು ಹೊರಗೆ ಹೋಗಬಾರದೆಂದು ತಾನೇ ಬಾಗಿಲು ಹಾಕಿ ಇಟ್ಟುಕೊಂಡಿದ್ದಳೋ, ಅದೇ ಕಣ್ಣು.

“ಕಿಂಡಿ ಬ್ಯಾಡ್ರಿ” ಎಂದಳು. “ಹೋದ್ರ ಹೋಗ್ಲಿ. ಇದನ್ನ ಮನಿತುಂಬ ಹಂಚಿದಾಕಿ ನಾನೇ. ಅನುಭವಿಸೋದೂ ನಾನೇ ಅನುಭವಿಸ್ತೇನಿ.”

ಬೈದೆವು, ಬೇಡಿದೆವು. ಆ ದಿನ ಹಾಗೇ ಹೋಯಿತು. ಮರುದಿನ ಬೆಳಿಗ್ಗೆ ಡಾಕ್ಟರಮ್ಮ ನನ್ನನ್ನೂ ನನ್ನ ಮಗಳನ್ನೂ ಒಳಗೆ ಕರೆದು, ಕಣ್ಣು ನೋಡುವ ಯಂತ್ರಕ್ಕೆ ಗದ್ದ ಊರಿಸಿ ನೋಡಿದರು. ಮಗಳದು ಪೂರ್ತಿ ಅವಳ ತಾಯಿಯ ಕಣ್ಣು, ಏನೂ ಇಲ್ಲ. ಹೊರಗೆ ಬಂದು ಹೇಳಿದರೆ ಅಕ್ಕ ನಂಬಲಿಲ್ಲ. “ನನ್ನ ಸಮಾಧಾನಕ್ಕ ಹೇಳ್ತೀರಿ” ಎಂದು ಗೋಡೆಗೆ ಮುಖ ಮಾಡಿದಳು.

ಆಗ ನನ್ನ ಹಳೆಯ ಬುದ್ಧಿ ಕೆಲಸ ಮಾಡಿತು. ಮುಖ ಇಳಿಬಿಟ್ಟುಕೊಂಡು ಅವಳ ಬದಿಗೆ ಬೆಂಚಿನ ಮೇಲೆ ಕೂತೆ.

“ಅಕ್ಕಾ, ನನಗೂ ಅದೇ ಬಂದದಂತ. ನನಗೂ ಕಿಂಡಿ ಮಾಡಬೇಕಂತ.”

ಅವಳು ತಿರುಗಿದಳು.

“ನಾ ಒಲ್ಲೆ ಅಂತ ಹೇಳಿ ಬಂದೇನಿ. ನೀ ಒಲ್ಲೆ, ನಾನೂ ಒಲ್ಲೆ. ಇಬ್ಬರೂ ಒಂದೇ ಕೋಲು ಹಿಡಕೊಂಡು ಅಡ್ಡಾಡೋಣ. ನೀ ಮುಂದ, ನಾ ಹಿಂದ.”

“ಏಳಲೇ ಹೇಡಿ.”

“ಹೆದರಿಕಿ ಬರ್ತದಕ್ಕಾ.”

“ನಿನಗ ಯಾವಾಗ ಬಂದಿಲ್ಲ? ಸರಿ ಅತ್ತಾಗ. ಮದಲ ನಾ ಕೂಡ್ತೇನಿ. ನೋಯಿತೋ ಇಲ್ಲೋ ನೋಡಿ ಹೇಳ್ತೇನಿ. ಆಮ್ಯಾಲ ನೀ.”

ಸಣ್ಣವರಿದ್ದಾಗ ಕಹಿ ಕಷಾಯವನ್ನೂ ಅವಳು ಹೀಗೇ ಮೊದಲು ಕುಡಿದು ತೋರಿಸುತ್ತಿದ್ದಳು. ಸೆರಗು ಬಿಗಿದುಕೊಂಡು, ಯಾರ ಕೈಯನ್ನೂ ಹಿಡಿಯದೆ, ಗೋಡೆ ಸವರುತ್ತ ಒಳಗೆ ಹೋದಳು. ಚಹಾ ಕುಡಿಯುವಷ್ಟು ಹೊತ್ತೂ ಆಗಲಿಲ್ಲ, ಹೊರಗೆ ಬಂದಳು.

“ಏನಿಲ್ಲೋ. ಇರುವಿ ಕಡದಂಗ ಆಗ್ತದ, ಅಷ್ಟ. ನಡಿ ಈಗ.”

“ಎಲ್ಲಿಗೆ? ನನಗೇನಾಗ್ಯಾದ? ನಾಟಕ ಮಾಡಿದೆ.”

ಕೈಯಲ್ಲಿದ್ದ ಔಷಧದ ಚೀಲದಿಂದ ಬಾರಿಸಿದಳು ನೋಡಿ! ನೋಟ ಕಮ್ಮಿಯಾಗಿದ್ದರೂ ಗುರಿ ತಪ್ಪಲಿಲ್ಲ. ಕಾಯುತ್ತ ಕೂತಿದ್ದವರೆಲ್ಲ ನಕ್ಕರು. ಆಮೇಲೆ ಬೆಂಚಿನ ಮೇಲೆ ಕೂತು ಮೆಲ್ಲಗೆ ಕೇಳಿದಳು.

“ಖರೇನ? ನಿನಗೇನೂ ಇಲ್ಲ?”

“ಇಲ್ಲ.”

“ಅವ್ವನ ಆಣಿ?”

“ಅವ್ವನ ಆಣಿ.”

“ಚಲೋ ಆತು. ನೀನರೆ ಪಾರಾದೆಲ್ಲ” ಎಂದು ಕಣ್ಣೊರೆಸಿಕೊಂಡಳು. ಔಷಧದ ಹನಿ ಸೋರುತ್ತಿದೆ ಎಂದು ನರ್ಸಮ್ಮನನ್ನು ಬೈದಳು.

ಬಲಗಣ್ಣು ಉಳಿದಿದೆ. ಮಗಳ ಕಣ್ಣಿಗೆ ಏನೂ ಇಲ್ಲ ಎಂಬುದನ್ನು ಈಗ ನಂಬಿದ್ದಾಳೆ. ಅವಳ ಮಗನೂ ಹೋಗಿ ತೋರಿಸಿಕೊಂಡು ಬಂದ, ಅವನಿಗೂ ಸದ್ಯಕ್ಕೆ ಏನಿಲ್ಲ. ನಾನು ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳುವವಳು ನನ್ನ ಮಗಳು. ಮಗಳೇ, ಇಲ್ಲಿಗೆ ನಿಲ್ಲಿಸು. ಮುಗಿಯಿತು ಎಂದು ಹೇಳಿ ಅತ್ತೆಗೆ ಚಹಾ ಮಾಡಿಕೊಡು.

ಇನ್ನು ನಿಮಗಷ್ಟೇ. ಇಷ್ಟರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು: ಆ ನಾಟಕ. ನಾನು ನಾಟಕ ಮಾಡಿರಲಿಲ್ಲ. ಡಾಕ್ಟರಮ್ಮ ನನ್ನ ಕಣ್ಣಲ್ಲಿ ಕಂಡದ್ದನ್ನೇ ನನಗೆ ಹೇಳಿದ್ದರು. ಅದನ್ನೇ ನಾನು ಬೆಂಚಿನ ಮೇಲೆ ಕೂತು ಅಕ್ಕನಿಗೆ ಹೇಳಿದ್ದೆ. ಎಂಟು ದಿನ ಬಿಟ್ಟು, ಪಿಂಚಣಿಯ ಕೆಲಸವಿದೆ ಎಂದು ಅವಳಿಗೆ ಹೇಳಿ, ಮಗಳನ್ನು ಕರೆದುಕೊಂಡು ಹೋಗಿ ಅದೇ ಕುರ್ಚಿಯಲ್ಲಿ ಕೂತು ಕಿಂಡಿ ಮಾಡಿಸಿಕೊಂಡು ಬಂದೆ. ಅಕ್ಕ ಹೇಳಿದ್ದು ಖರೆ. ಇರುವೆ ಕಚ್ಚಿದ ಹಾಗೆ, ಅಷ್ಟೇ.