ಕಣ್ಣನ್ನೇ ನಂಬದ ಮಾವ

ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವವರು ಊರಿಗೆ ನೂರು ಜನ ಸಿಕ್ಕಾರು. ತಮ್ಮ ಕಣ್ಣನ್ನೇ ನಂಬದವರು ನಿಮಗೆ ಸಿಕ್ಕಿದ್ದಾರೆಯೇ? ನನಗೆ ಸಿಕ್ಕಿದ್ದಾರೆ. ನನ್ನ ಸೋದರಮಾವ!

ಪಾಂಡವಪುರದ ಹೈಸ್ಕೂಲೊಂದರಲ್ಲಿ ಗುಮಾಸ್ತರಾಗಿದ್ದ ಅವರಿಗೆ ಚಿಕ್ಕಂದಿನಿಂದ ಸೋಡಾಬುಡ್ಡಿ ಕನ್ನಡಕ. ತೊಂಬತ್ತರ ದಶಕದ ನಡುವಿನಲ್ಲಿ, ಲೇಸರ್ ಎಂದರೇನೆಂದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲದಾಗ, ಅವರು ಬೆಂಗಳೂರಿಗೆ ಹೋಗಿ ಎರಡೂ ಕಣ್ಣಿನ ಮುಂದಿನ ಗಾಜಿನಂಥ ಪದರವನ್ನು ಬೆಳಕಿನಿಂದ ಹೆರೆಸಿಕೊಂಡು ಬಂದರು. ಜೊತೆಗೆ ಹೋಗಿದ್ದವನು ನಾನೇ. ಡಾಕ್ಟರ ಮುಂದೆ ಮಾವ ಇಟ್ಟ ಪ್ರಶ್ನೆ ಇದು:

"ಅಲ್ಲಾ ಸ್ವಾಮಿ, ಗಡ್ಡ ಹೆರೆದ್ರೆ ಬೆಳೀತದೆ, ಉಗುರು ಕತ್ತರಿಸಿದ್ರೂ ಬೆಳೀತದೆ. ಇದೊಂದು ಯಾಕೆ ಬೆಳೆಯಾಕಿಲ್ಲ?"

ಡಾಕ್ಟರು ನಕ್ಕರು. "ಮೇಲಿನ ಸಿಪ್ಪೆ ಬೆಳೆಯುತ್ತೆ. ಅದರ ಕೆಳಗೆ ತೆಗೆದದ್ದು ಬೆಳೆಯಲ್ಲ. ಮೊದಲ ಕೆಲವು ತಿಂಗಳು ದೃಷ್ಟಿ ಕೊಂಚ ಆಚೀಚೆ ಆಗಬಹುದು, ಆಮೇಲೆ ನಿಲ್ಲುತ್ತೆ. ವರ್ಷಕ್ಕೊಮ್ಮೆ ಬಂದು ತೋರಿಸಿ."

ವರ್ಷಕ್ಕೊಮ್ಮೆಯೇ? ಮಾವ ದಿನಕ್ಕೊಮ್ಮೆ ಪರೀಕ್ಷೆ ಶುರು ಮಾಡಿದರು! "ಇವತ್ತಲ್ಲ ನಾಳೆ ಕನ್ನಡಕ ವಾಪಸ್ ಬತ್ತದೆ, ನೋಡ್ತಿರು" ಎನ್ನುತ್ತಿದ್ದ ಊರಿನ ಬಾಯಿ ಮುಚ್ಚಿಸಬೇಕಿತ್ತಲ್ಲ!

ಬೆಳಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲ್ ಮೆಟ್ಟಿಲ ಮೇಲೆ ನಿಂತು, ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ, ದೂರದ ತಿರುವಿನಲ್ಲಿ ಬರುವ ಬಸ್ಸಿನ ಬೋರ್ಡು ಓದುತ್ತಿದ್ದರು. "ನಾಗಮಂಗಲ! ನಿನ್ನೆಗಿಂತ ಒಂದು ಮಾರು ದೂರದಿಂದ್ಲೇ ಕಾಣ್ತು!"

ಹೋಟೆಲಿನ ಗೆಳೆಯ ಕಾವಲಿಯ ಮುಂದಿನಿಂದಲೇ ಕೂಗಿದ: "ಲೇ, ಎಂಟು ಗಂಟೆಗೆ ಬರಾದು ಅದೊಂದೇ ಬಸ್ಸು ಕಣ್ಲಾ. ದೋಸೆ ಉಯ್ಕೊಂಡೇ ನಾನೂ ಹೇಳ್ತೀನಿ!"

ಮಾತು ನಾಟಿತು. ಬಸ್ಸಿನ ವೇಳೆ ಗೊತ್ತಿಲ್ಲದ ಊರೇ ಬೇಕೆಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋದರು. ಸಂಜೆ ಬರಿಹೊಟ್ಟೆಯಲ್ಲಿ ಮರಳಿದಾಗ ಅತ್ತೆ ತಡೆದು ಕೇಳಿದರು.

"ಮಧ್ಯಾಹ್ನಕ್ಕೇ ಬತ್ತೀನಿ ಅಂದಿದ್ರಿ?"

"ನಮ್ಮೂರಿನ ಬಸ್ಸು ಮೂರು ಬಂದ್ವು ಕಣೆ. ಮೂರನ್ನೂ ಸಲೀಸಾಗಿ ಓದ್ದೆ!"

"ಓದಿ?"

"ಹತ್ತಾದು ಮರ್ತೋಯ್ತು."

ಮೂರನೆಯ ವರ್ಷದ ತಪಾಸಣೆಯಲ್ಲಿ ಗೋಡೆಯ ಅಕ್ಷರಗಳನ್ನು ಓದಲು ಅವರು ಒಪ್ಪಲೇ ಇಲ್ಲ. "ಸ್ವಾಮಿ, ಬೇರೆ ಪ್ರಶ್ನೆಪತ್ರಿಕೆ ಕೊಡಿ. ಇದು ಔಟಾಗ್ಬುಟ್ಟದೆ, ನಂಗೆ ಬಾಯಿಪಾಠ!" ಡಾಕ್ಟರು ಯಂತ್ರದಲ್ಲಿ ಕಣ್ಣಿನ ಉಬ್ಬುತಗ್ಗು ಅಳೆದು, ಹಿಂದಿನ ವರ್ಷದ ಚಿತ್ರದ ಪಕ್ಕ ಹಿಡಿದು ತೋರಿಸಿದರು. ಎಳ್ಳಷ್ಟೂ ಬದಲಾಗಿರಲಿಲ್ಲ. ಅಂತೂ ಮಾವ ನಂಬಿದರು. ಅಂದಿನಿಂದ ಆಪರೇಶನ್ ಗೆದ್ದಿತೆಂದು ಕೇಳದವರನ್ನೂ ನಿಲ್ಲಿಸಿ ಹೇಳಿದ್ದೇ ಹೇಳಿದ್ದು!

ಮರುವರ್ಷದ ಜೂನಿನಲ್ಲಿ ಅವರ ಒಬ್ಬಳೇ ಮಗಳು ಅದೇ ಹೈಸ್ಕೂಲಿಗೆ ಸೇರಿದಳು. ಕರಿಹಲಗೆ ಕಾಣುತ್ತಿಲ್ಲವೆಂದು ಅವಳಿಗೂ ದಪ್ಪ ಕನ್ನಡಕ ಬಂತು.

"ಎಲ್ಲಾ ಬುಡ್ಡಿ ಬುಡ್ಡಿ ಅಂತ ಆಡ್ಕತಾರೆ. ನಿಂಗೆ ಮಾಡ್ದಂಗೆ ನಂಗೂ ಮಾಡ್ಸಪ್ಪ" ಎಂದು ಅತ್ತಳು.

"ಕಣ್ಣು ಬೆಳೆಯಾದು ನಿಲ್ಲೋಗಂಟ ಮಾಡಾಕಿಲ್ವಂತೆ ಮಗಾ."

ಎರಡು ದಿನ ಅವಳು ಸ್ಕೂಲಿಗೆ ಹೋಗಲಿಲ್ಲ. ಮೂರನೆಯ ದಿನ ನಾನು ಹೋದಾಗ ಅಪ್ಪ, ಮಗಳು ಕೈ ಹಿಡಿದು ಹೊರಟಿದ್ದರು. ಇಬ್ಬರಿಗೂ ಕನ್ನಡಕ! ಹತ್ತಿರ ಹೋಗಿ ನೋಡಿದೆ. ಮಾವನದು ಪವರಿಲ್ಲದ ಸಾದಾ ಗಾಜು. ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣಲ್ಲೇ ಗದರಿದರು. ನಾನೂ ಜೊತೆಗೆ ನಡೆದೆ.

ಸ್ಕೂಲಿನ ಗೇಟಿನಲ್ಲಿ ಡ್ರಿಲ್ ಮೇಷ್ಟ್ರು ಮಕ್ಕಳೆಲ್ಲರ ಎದುರಿಗೇ ಕೇಳಿಬಿಟ್ಟರು: "ಏನ್ರೀ, ಆಪರೇಶನ್ ಕೈಕೊಡ್ತಾ?"

"ಊಂ ಕಣ್ರೀ ಮೇಷ್ಟ್ರೇ, ಕೈಕೊಡ್ತು" ಎಂದರು ಮಾವ, ಗಟ್ಟಿಯಾಗಿ. "ಆದ್ರೂ ಕನ್ನಡಕ ಚೆಂದಾಗೇ ಅದೆ, ಅಲ್ವಾ?"

ಮಗಳು ತಲೆಯೆತ್ತಿ ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡು, ಅಷ್ಟೂ ಮಕ್ಕಳ ನಡುವಿನಿಂದ ಕ್ಲಾಸಿಗೆ ನಡೆದಳು.