ಕೋಶಗಳಿಗೆ ಊಟ ಹಾಕುವ ಮೈದುನ

ನನ್ನ ಮೈದುನನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹೇಳಬೇಕಾದವರೆಲ್ಲ ಆಗಲೇ ಹೇಳಿಯಾಗಿದೆ!

ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ನಮ್ಮ ಮನೆಯಿಂದ ಎರಡು ಟ್ರಾಮ್ ಸ್ಟಾಪ್ ಆಚೆ ಅವನ ವಾಸ. ಅಂದರೆ ಬಟ್ಟೆಬರೆ ಅಲ್ಲಿವೆ, ಅವನಿರುವುದು ಲ್ಯಾಬಿನಲ್ಲಿ. ಸೋಂಕು ರಕ್ತಕ್ಕೇರಿದಾಗ ನಮ್ಮನ್ನು ಕಾಯಬೇಕಾದ ರಕ್ಷಣಾ ಕೋಶಗಳೇ ಕೆಲವರಲ್ಲಿ ಕೆರಳಿ ಮೈಯನ್ನು ಹಾಳುಗೆಡವುತ್ತವಂತೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ! ಅವನ್ನು ಸಮಾಧಾನಪಡಿಸಿ, ಐಸಿಯು ಸೇರಿದವರನ್ನು ಜೀವಂತವಾಗಿ ಮನೆಗೆ ಕಳಿಸುವ ಔಷಧಿ ಹುಡುಕುವುದು ಅವನ ಹನ್ನೊಂದು ವರ್ಷದ ಕಸುಬು.

ಆ ಕೋಶಗಳನ್ನು ಅವನು ತಟ್ಟೆಗಳಲ್ಲಿ ಬೆಳೆಸುತ್ತಾನೆ. ಎರಡು ದಿನಕ್ಕೊಮ್ಮೆ ಅವಕ್ಕೆ ಪೋಷಕ ದ್ರವದ ಊಟ ಹಾಕಬೇಕು, ಭಾನುವಾರವೆಂದರೆ ಅವು ಕೇಳುತ್ತವೆಯೇ? ಊರಿಂದ ಬಂದ ನಮ್ಮತ್ತೆ ಲ್ಯಾಬಿನ ಬಾಗಿಲಲ್ಲಿ ನಿಂತು ನೋಡಿದರು. ಮಗ ಕೈಗೆಲ್ಲ ಸ್ಪಿರಿಟ್ ಸುರಿದುಕೊಂಡು, "ಅಮ್ಮಾ, ಏನೂ ಮುಟ್ಬೇಡ! ಉಸಿರೂ ಈ ಕಡೆ ಬಿಡ್ಬೇಡ!" ಎಂದು ಕೂಗಿದ. ಅತ್ತೆಗೆ ಆನಂದಬಾಷ್ಪ! "ನೋಡೇ, ಜನಿವಾರ ಬಿಚ್ಚಿಟ್ಟೋನು ಜರ್ಮನಿಗೆ ಬಂದು ಮಡಿ ಕಲ್ತ!"

ಒಮ್ಮೆ ವಿಡಿಯೋ ಕಾಲ್‌ನಲ್ಲಿ ಹೆಣ್ಣು ತೋರಿಸಿದೆವು. ಹುಡುಗಿಯ ತಂದೆ, "ನಿಮ್ಗೆ ಜವಾಬ್ದಾರಿ ಏನಾದ್ರೂ ಇದ್ಯಾ?" ಎಂದರು. "ಇದೆ ಸರ್, ಹನ್ನೆರಡು ತಟ್ಟೆ. ಈಗ್ಲೇ ಹೋಗಿ ಊಟ ಹಾಕ್ಬೇಕು" ಎಂದು ಎದ್ದೇ ಹೋದ. ಸಂಬಂಧ ಅಲ್ಲಿಗೆ ಮುಗಿಯಿತು. ಕೋಶಗಳು ಮಾತ್ರ ಉಂಡು ಸುಖವಾಗಿದ್ದವು!

ಯುಗಾದಿಗೆ ಬಂದ ನಮ್ಮ ಕನ್ನಡ ಬಳಗಕ್ಕೆ ಬೇವುಬೆಲ್ಲದ ಜೊತೆ ಇವನು ಒಪ್ಪಿಗೆ ಪತ್ರವನ್ನೂ ಹಂಚಿದ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಿತ್ತಂತೆ. ಒಬ್ಬರಿಗೆ ಶುಗರ್, ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಥೈರಾಯ್ಡ್. ಅಷ್ಟು ಜನ ಒಬ್ಬಟ್ಟು ಹೊಡೆದರೂ ಆರೋಗ್ಯವಂತ ಒಬ್ಬನೂ ಸಿಗಲಿಲ್ಲ!

ಹೋದ ಚಳಿಗಾಲದಲ್ಲಿ ನಮ್ಮವರು ಹಲ್ಲುನೋವಿಗೆ ಲವಂಗ ಇಟ್ಟುಕೊಂಡೇ ವಾರ ತಳ್ಳಿದರು. ಸೋಂಕು ರಕ್ತಕ್ಕೇರಿ ಐಸಿಯು ಸೇರಿದರು. ನಾನು ಮೈದುನನ ತೋಳು ಹಿಡಿದು ಅಲುಗಾಡಿಸಿದೆ. "ನಿನ್ನ ಔಷಧಿ ಕೊಡೋ!"

"ಅದು ಇನ್ನೂ ಇಲಿಗಳ ಮೇಲಿನ ಪರೀಕ್ಷೆಯನ್ನೇ ದಾಟಿಲ್ಲ ಅತ್ತಿಗೆ."

"ಹನ್ನೊಂದು ವರ್ಷ ಮತ್ತೇನು ಮಾಡ್ದೆ?" ಎಂದುಬಿಟ್ಟೆ. ಆ ಮಾತು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಆರನೆಯ ದಿನ ಡಾಕ್ಟರು ಗಂಡಾಂತರ ಕಳೆಯಿತೆಂದರು. ಅಳುತ್ತ ನಗುತ್ತ ಮೈದುನನನ್ನು ಹುಡುಕಿದರೆ, ಅವನು ಪಕ್ಕದ ಖಾಲಿ ಹಾಸಿಗೆಯ ಮುಂದೆ ನಿಂತಿದ್ದ. ಅದೇ ಕಾಯಿಲೆಯಿಂದ ಅಲ್ಲಿ ಮಲಗಿದ್ದ ಟ್ರಾಮ್ ಡ್ರೈವರ್ ಅಂದು ಬೆಳಿಗ್ಗೆ ತೀರಿಕೊಂಡಿದ್ದ.

"ಅದೇ ವಯಸ್ಸು, ಅದೇ ಔಷಧಿ. ಅಣ್ಣ ಉಳ್ಕೊಂಡ, ಅವ್ರು ಉಳೀಲಿಲ್ಲ. ಯಾಕೆ ಅಂತ ನಂಗೆ ಗೊತ್ತಿಲ್ಲ ಅತ್ತಿಗೆ" ಎಂದು ಕಣ್ಣೊರೆಸಿಕೊಂಡ.

ಕಾರಿಡಾರಿನಲ್ಲಿ ಆ ಡ್ರೈವರನ ಹೆಂಡತಿ ಗಂಡನ ಬೂಟುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಲ್ಯಾಬಿಗೆ ಹೊರಟ ಮೈದುನ ಅವಳ ಮುಂದೆ ನಿಂತು, "ತಡವಾಯಿತು, ಕ್ಷಮಿಸಿ" ಎಂದು ಜರ್ಮನ್‌ನಲ್ಲಿ ಹೇಳಿದ. ಅವನು ಹುಡುಕುತ್ತಿದ್ದ ಔಷಧಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಏನು ಅರ್ಥವಾಯಿತೋ, ಅವನ ಕೈ ಹಿಡಿದುಕೊಂಡು ತಾನೇ ಅವನಿಗೆ ಸಮಾಧಾನ ಹೇಳಿದಳು.