ಎಷ್ಟು ಎಚ್‌ಪಿ ಹಾಕ್ಸಿದ್ರಿ?

ಎಚ್‌ಪಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ನಮ್ಮ ಕಡೆ ಒಬ್ಬ ಗಂಡಸಿನ ಯೋಗ್ಯತೆಯನ್ನು ಅಳೆಯುವುದು ಅವನು ಬೋರ್‌ವೆಲ್ಲಿಗೆ ಇಳಿಸಿರುವ ಮೋಟಾರಿನಿಂದ. ಮದುವೆ ಊಟಕ್ಕೆ ಕೂತರೆ ಪಾಯಸ ಬರುವ ಮೊದಲೇ ಪಕ್ಕದ ಎಲೆಯವರು "ನಿಮ್ದು ಎಷ್ಟು ಎಚ್‌ಪಿ?" ಎಂದು ಕೇಳಿಬಿಡುತ್ತಾರೆ. ಐದು ಎಂದವನು ಏಳೂವರೆ ಎಂದವನ ಮುಂದೆ ತಲೆ ತಗ್ಗಿಸಿ ಸಾರನ್ನ ಕಲಸುತ್ತಾನೆ. ಬಾವಿಯಲ್ಲಿ ನೀರು ಬರುತ್ತದೋ ಇಲ್ಲವೋ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾನು ರಾಮನಗರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುವವನು. ಮನೆ ಕೈಲಾಂಚದ ಹತ್ತಿರ. ಮನೆಯಲ್ಲಿ ರೇಷ್ಮೆ ಹುಳು ಸಾಕಣೆ ನನ್ನ ಹೆಂಡತಿ ಭಾಗ್ಯಳ ರಾಜ್ಯಭಾರ. ಶಾಲೆಗೆ ಹೋಗುವ ಮುಂಚೆ ಮತ್ತು ಬಂದ ಮೇಲೆ ನಾನು ಅಲ್ಲಿ ಸಂಬಳವಿಲ್ಲದ ಆಳು. ಕೆಳಗೆ ಜಾಗ ಸಾಲದೆ ಹುಳುಮನೆಯನ್ನು ನಮ್ಮ ಮನೆಯ ಮೇಲೆಯೇ ಕಟ್ಟಿಸಿದೆವು. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬಿಸಿಲು ಯಾವ ಕಿಟಕಿಗೆ ಬೀಳುತ್ತದೆ ಎಂದೆಲ್ಲ ಯೋಚಿಸಿದ ನಾವು, ಸೊಪ್ಪು ಮೇಲಕ್ಕೆ ತಾನಾಗಿ ನಡೆದು ಬರುವುದಿಲ್ಲ ಎಂಬುದನ್ನು ಮಾತ್ರ ಯೋಚಿಸಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳು, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳು, ತಿನ್ನುವುದನ್ನು ಕಂಡವರೇ ಬಲ್ಲರು. ಕಣ್ಣು ಮುಚ್ಚಿ ನಿಂತರೆ ತಗಡಿನ ಮೇಲೆ ಮಳೆ ಹುಯ್ದ ಹಾಗೆ ಕೇಳಿಸುತ್ತದೆ. ಅಷ್ಟೂ ಹೊಟ್ಟೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪನ್ನು ಭಾಗ್ಯ ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಕೊನೆಗೆ ಅವಳ ಮಂಡಿ ಊದಿಕೊಂಡಿತು. ಡಾಕ್ಟರು, "ಮೆಟ್ಟಿಲು ಹತ್ತಲೇಬೇಡಿ" ಎಂದರು. "ಹಂಗೇ ಹುಳಕ್ಕೂ ಒಸಿ ಹೇಳ್ಬುಡಿ ಡಾಕ್ಟ್ರೆ, ತಿನ್ಲೇಬೇಡಿ ಅಂತ" ಎಂದಳು ಇವಳು.

ಮೋಟಾರು ಹಗ್ಗ ಸುತ್ತಿ ಹೊರೆಯನ್ನು ಮೇಲಕ್ಕೆಳೆಯುವ ವಿಂಚು ತರುವುದೆಂದು ತೀರ್ಮಾನವಾಯಿತು. ಸುದ್ದಿ ಕೇಳಿದ್ದೇ ಮಾಗಡಿಯಿಂದ ನನ್ನ ಭಾವಮೈದ ನಾಗರಾಜ ಮೊದಲ ಬಸ್ಸಿಗೇ ಬಂದಿಳಿದ. ಅವನನ್ನು ಕರೆದವರು ಯಾರು ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

"ಭಾವ, ಮೂರು ಎಚ್‌ಪಿಗೆ ಕಮ್ಮಿ ತಕಬ್ಯಾಡಿ" ಎಂದ.

"ಸೊಪ್ಪು ಎತ್ತೋಕೆ ಮೂರು ಯಾಕೋ?"

"ಇರ್ಲಿ ಬುಡಿ. ನಾಳೆ ಇನ್ನೇನಾರ ಎತ್ಬೇಕು ಅನ್ಸುದ್ರೆ?"

ಅಂಗಡಿಯವನಂತೂ ಅವನಿಗಿಂತ ಒಂದು ಕೈ ಮೇಲು. "ಮೂರೇ ಇರ್ಲಿ ಮೇಷ್ಟ್ರೆ. ಸಿಮೆಂಟ್ ಮೂಟೆ ಎತ್ತಬೌದು, ನೀರಿನ ಟ್ಯಾಂಕೇ ಎತ್ತಬೌದು" ಎಂದ. ನಾನು ಟ್ಯಾಂಕನ್ನು ಯಾಕೆ ಎತ್ತಲಿ? ಅದು ಆಗಲೇ ಮೇಲಿದೆಯಲ್ಲ! ಕೆಂಪೇಗೌಡರು ಎಷ್ಟು ಎಚ್‌ಪಿ ಹಾಕಿಸಿ ಕೋಟೆಯ ಕಲ್ಲು ಎತ್ತಿಸಿದರು ಎಂದು ಇಬ್ಬರನ್ನೂ ಕೇಳಬೇಕೆನಿಸಿತು. ಕೇಳಲಿಲ್ಲ. ಹೊರೆ ಎಷ್ಟು ತೂಕ ಎಂದು ಅವರೂ ಕೇಳಲಿಲ್ಲ.

ಮೂರು ಎಚ್‌ಪಿ ಮನೆಗೆ ಬಂತು. ನಾಗರಾಜ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಹಿಸುಕಿ, ನನ್ನ ಕೈಯಲ್ಲೇ ಗುಂಡಿ ಒತ್ತಿಸಿದ. ಮನೆಯ ದೀಪಗಳು ಮಂಕಾದವು, ಪಕ್ಕದ ಮನೆಯ ಮಿಕ್ಸಿ ನಿಂತಿತು. ನಾನು ಗುಂಡಿಯಿಂದ ಬೆರಳು ತೆಗೆಯುವಷ್ಟರಲ್ಲಿ ಹೊರೆ ರಾಕೆಟ್ಟಿನಂತೆ ಹಾರಿ ಮೇಲಿನ ರಾಟೆಗೆ ಬಡಿದು, ಹಗ್ಗ ಕಿತ್ತು, ಸೊಪ್ಪೆಲ್ಲ ನಮ್ಮ ತಲೆಯ ಮೇಲೆ ಸುರಿಯಿತು. ಫ್ಯೂಸು ಢಂ ಎಂದಿತು. ಕಿವಿಯೊಳಗೆ ಸಿಕ್ಕಿಕೊಂಡಿದ್ದ ಎಲೆ ತೆಗೆಯುತ್ತ ನಾಗರಾಜ, "ಪವರ್ ನೋಡುದ್ರಾ ಭಾವ!" ಎಂದ. ನನ್ನ ಕೈಯಲ್ಲಿ ಆಗ ಏನೂ ಇರಲಿಲ್ಲ. ಅದು ಅವನ ಪುಣ್ಯ.

ಕೋಪದಲ್ಲಿ ಸಾಮಾನು ತರಲು ಹೋಗಬಾರದು. ನಾನು ಹೋದೆ. ಮೂರನ್ನು ಅಂಗಡಿಯವನ ಮುಂದೆ ಕುಕ್ಕಿ, "ಇರೋದ್ರಲ್ಲೆಲ್ಲ ಚಿಕ್ಕದು ಕೊಡಿ" ಎಂದೆ. ಕಾಲು ಎಚ್‌ಪಿ ಕೊಟ್ಟ. ಹುಳು ಚಿಕ್ಕದಿರುವಷ್ಟು ದಿನ ಅದು ಮರ್ಯಾದೆಯಿಂದ ನಡೆದುಕೊಂಡಿತು. ಹುಳು ದೊಡ್ಡದಾದ ಹಾಗೆ ಹೊರೆಯೂ ದೊಡ್ಡದಾಯಿತು. ಒಂದು ಬೆಳಗ್ಗೆ ಹೊರೆ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಮೋಟಾರು ಗುಂಯ್ ಎಂದು ನರಳಿತು, ಸುಟ್ಟ ವಾಸನೆ ಬಂತು, ಆಮೇಲೆ ನರಳಾಟವೂ ಇಲ್ಲ. ಮೇಲೆ ಹಸಿದ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ನಾನು ಮೋಟಾರನ್ನು, ಅಂಗಡಿಯವನನ್ನು, ಮಾಗಡಿ ತಾಲ್ಲೂಕನ್ನು ಒಟ್ಟಿಗೆ ಬಯ್ಯುತ್ತಿದ್ದಾಗ ಭಾಗ್ಯ ಹೊರೆ ಇಳಿಸಿಕೊಂಡು, ಸಿಂಬಿ ಸುತ್ತಿ ತಲೆಗೇರಿಸಿ, ಒಂದು ಕೈಯಲ್ಲಿ ಮಂಡಿ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಓಡಿಹೋಗಿ ಹೊರೆಗೆ ಕೈ ಹಾಕಿದೆ. "ಬುಡ್ರೀ. ನಿಮ್ಗೆ ಇಸ್ಕೂಲ್‌ಗೆ ಟೇಮಾಯ್ತದೆ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಹೊರೆ ಕಿತ್ತುಕೊಂಡು ನಾನೇ ಹೊತ್ತೆ. ಶಾಲೆಗೆ ತಡವಾಗಿ ಹೋಗಿ, ಏನೂ ತಪ್ಪು ಮಾಡದ ಒಂಬತ್ತನೇ ಕ್ಲಾಸಿನ ಮೇಲೆ ರೇಗಾಡಿದೆ.

ಸಂಜೆ ತೂಕದ ಯಂತ್ರ ಎರವಲು ತಂದು ಎಲ್ಲಕ್ಕಿಂತ ದೊಡ್ಡ ಹೊರೆಯನ್ನು ತೂಗಿದೆ. ಎಷ್ಟು ಜೋರಾಗಿ ಮೇಲೆ ಹೋಗಬೇಕು ಎಂದು ಭಾಗ್ಯಳನ್ನು ಕೇಳಿದೆ. "ಇನ್ನೊಂದು ಹೊರೆ ಕಟ್ಟೋವೊತ್ಗೆ ಹಗ್ಗ ಕೆಳೀಕ್ ಬಂದಿದ್ರೆ ಸಾಕು" ಎಂದಳು. ತೂಕ ಹೆಚ್ಚಿದರೆ ಶಕ್ತಿ ಹೆಚ್ಚು ಬೇಕು, ಬೇಗ ಎಳೆಯಬೇಕೆಂದರೂ ಹೆಚ್ಚು ಬೇಕು. ಗೇರು ರಾಟೆಗಳು ನುಂಗುವುದಕ್ಕೊಂದು ಪಾಲು, ಆಪತ್ತಿಗೊಂದು ಪಾಲು. ಲೆಕ್ಕ ಅಷ್ಟೇ. ಮರುದಿನ ಅಂಗಡಿಗೆ ಹೋಗಿ ತೂಕ, ಎತ್ತರ, ವೇಗ ಮೂರನ್ನೂ ಹೇಳಿದೆ. ಅಂಗಡಿಯವನು ಬೆರಗಾದ.

"ಹಿಂಗೆಲ್ಲ ಯಾರೂ ಹೇಳಲ್ಲ ಮೇಷ್ಟ್ರೆ."

"ಕೇಳೋದು ನಿಮ್ಮ ಕೆಲಸ ಕಣ್ರೀ!" ಎಂದು ಕೂಗಿದೆ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಕೂಗಿದ್ದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ.

ನಿಧಾನದ ಗೇರಿನ ಮುಕ್ಕಾಲು ಎಚ್‌ಪಿ ಬಂತು. ಭಾಗ್ಯ ಕೆಳಗೆ ನಿಂತು ಗುಂಡಿ ಒತ್ತುತ್ತಾಳೆ, ಮೇಲೆ ನಿಂತು ನಾನು ಹೊರೆ ಬಿಚ್ಚುತ್ತೇನೆ. ಮಂಡಿಯ ಊತ ಇಳಿದಿದೆ, ಆ ಸಲದ ಗೂಡೂ ಗಟ್ಟಿಯಾಗಿ ಬಂತು. ನಾಗರಾಜನಿಗೆ ಮಾತ್ರ ಅವಮಾನ. "ಮುಕ್ಕಾಲು ಅಂತ ಯಾರ್ಗೂ ಹೇಳ್ಬ್ಯಾಡಿ ಭಾವ, ಒಂದು ಅನ್ನಿ" ಎಂದು ಬೇಡಿಕೊಂಡ.

ಇಷ್ಟಾದ ಮೇಲೆ ಒಂದು ಸಂಜೆ ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಕೆಂಪಾಪುರದ ಪರಿಚಯದ ಗೌಡರು ಸಿಕ್ಕಿದರು. "ಮೇಷ್ಟ್ರೆ, ಅಟ್ಟಕ್ಕೆ ಹುಲ್ಲು ಎತ್ತೋಕೆ ವಿಂಚು ಹಾಕ್ಸವಾ ಅಂತಿವ್ನಿ. ಎಷ್ಟು ಎಚ್‌ಪಿ ತಕಳ್ಳಿ?" ಎಂದರು. ಪಿಂಡಿ ಎಷ್ಟು ತೂಕ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಬಸ್ಸು ಹೊರಟಿತು. ಒಂದು ಕಾಲನ್ನು ಫುಟ್‌ಬೋರ್ಡಿನ ಮೇಲಿಟ್ಟು, "ಎರಡು ಹಾಕ್ಸಿ ಗೌಡ್ರೆ, ಎದುರು ಮಾತೇ ಇಲ್ಲ!" ಎಂದು ಕೂಗಿ ಹತ್ತಿಕೊಂಡೆ.

ನಿನ್ನೆ ಮೇಲೆ ಹೊರೆ ಬಿಚ್ಚುತ್ತಿದ್ದಾಗ ಗೌಡರ ಫೋನು ಬಂತು. ಅಟ್ಟದ ಹೆಂಚು ಎಷ್ಟು ಒಡೆದವು ಎಂಬಲ್ಲಿಂದ ಶುರುಮಾಡಿ, ನನ್ನ ಹತ್ತಿರ ಓದುವ ಮಕ್ಕಳ ಗತಿ ಏನು ಎಂಬಲ್ಲಿಗೆ ಬಂದರು. ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡೆ. ಒಂದು ಮಾತನ್ನೂ ತೆಗೆದುಹಾಕುವ ಹಾಗಿರಲಿಲ್ಲ.

"ಯಾರ್ರೀ ಅದು, ಹಂಗೆ ಬಡ್ಕತಾ ಇರೋದು?" ಎಂದು ಭಾಗ್ಯ ಕೆಳಗಿನಿಂದ ಕೇಳಿದಳು.

"ರಾಂಗ್ ನಂಬರ್" ಎಂದೆ.